ಕುಶನ್ ಮೇಷ್ಟ್ರ ಕಂಕುಳಲ್ಲಿ ಎದ್ದ ಗಡ್ಡೆ

ಕುಶನ್ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಹರಿದ ಸೋಫಾ, ಕುಸಿದ ಕುರ್ಚಿ, ಹೊಟ್ಟೆ ಹೊರಹಾಕಿದ ದಿವಾನ್ ಮಂಚಗಳನ್ನು ಬಿಚ್ಚಿ, ಹೊಸ ಸ್ಪಂಜು ತುಂಬಿ, ಹೊಸ ಬಟ್ಟೆ ಬಿಗಿದು ಕೊಡುವುದು ಅವರ ಕಸುಬು. ಮೇಷ್ಟ್ರು ಎಂಬ ಬಿರುದು ಬಂದದ್ದು ಬಾಯಿಯ ದೆಸೆಯಿಂದ. ಸೋಫಾದ ಮೇಲೆ ಹೇಗೆ ಕೂರಬೇಕು, ಏಳುವಾಗ ಕೈ ಎಲ್ಲಿ ಊರಬೇಕು, ಕೂತಲ್ಲೇ ಕೂರುವ ಸೋಮಾರಿಗಳಿಂದ ಸ್ಪ್ರಿಂಗಿನ ಆಯುಸ್ಸು ಹೇಗೆ ಹಾಳಾಗುತ್ತದೆ ಎಂಬುದನ್ನೆಲ್ಲ ಅವರು ಗಿರಾಕಿಗಳನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದರು. ನಿಲ್ಲಿಸಿಕೊಳ್ಳದೆ ವಿಧಿಯಿರಲಿಲ್ಲ, ಅವರ ಅಂಗಡಿಯಲ್ಲಿ ಕೂರುವಂಥ ಕುರ್ಚಿ ಒಂದೂ ಇರಲಿಲ್ಲ, ಎಲ್ಲದರ ಚರ್ಮ ಸುಲಿದಿರುತ್ತಿತ್ತು. ಅವರು ಸುಮ್ಮನಿರುತ್ತಿದ್ದುದು ಮೊಳೆ ಹೊಡೆಯುವಾಗ ಮಾತ್ರ. ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿ ಹಿಡಿದು, ಒಂದೊಂದನ್ನೇ ತೆಗೆದು ಹೊಡೆಯುವುದು ಅವರ ರೂಢಿ. ಮದುವೆಯಾದ ಹೊಸತರಲ್ಲಿ ಹೆಂಡತಿ ಒಂದು ದಿನ ಅಂಗಡಿಗೆ ಬಂದು ಈ ದೃಶ್ಯ ನೋಡಿ, "ರೀ, ಮನೆಗೂ ಒಂದು ಹಿಡಿ ಮೊಳೆ ತನ್ನಿ" ಎಂದಿದ್ದಳು.

ಅವರಿಗೆ ಇಡೀ ಪ್ರಪಂಚದಲ್ಲಿ ಇದ್ದ ವೈರಿ ಒಂದೇ. ಅದು ಬೆಕ್ಕು.

ವಾರಗಟ್ಟಲೆ ಕೂತು ಬಿಗಿದ ಸೋಫಾದ ತೋಳಿಗೆ ಯಾವುದೋ ಬೆಕ್ಕು ಬಂದು ಉಗುರು ಮಸೆದು ಹೋದರೆ ಅವರಿಗೆ ತಮ್ಮ ತೋಳನ್ನೇ ಪರಚಿದಂತಾಗುತ್ತಿತ್ತು. ಹಾಗಾಗಿ ಕೆಲಸ ಒಪ್ಪಿಕೊಳ್ಳುವ ಮೊದಲು ಎಂಥ ದೊಡ್ಡ ಮನುಷ್ಯನೇ ಬಂದಿರಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂದು ಪ್ರಶ್ನೆ ಕೇಳುತ್ತಿದ್ದರು: "ಮನೆಯಲ್ಲಿ ಬೆಕ್ಕಿದೆಯಾ?" ಇದೆ ಎಂದರೆ ಕೆಲಸ ಇಲ್ಲ. ಹೀಗಾಗಿ ಯಾರೂ ಇದೆ ಎನ್ನುತ್ತಿರಲಿಲ್ಲ. "ಅಯ್ಯೋ, ಎಲ್ಲಾದ್ರೂ ಉಂಟಾ!" ಎಂದು ಕೈ ಆಡಿಸುತ್ತಿದ್ದರು. ಮೇಷ್ಟ್ರು ಮಾತಿಲ್ಲದೆ ಅವರ ಹಳೆಯ ಸೋಫಾದ ಹೊಲಿಗೆಯ ಸಂದಿಗೆ ಕಿರುಬೆರಳು ತೂರಿಸಿ, ಒಂದು ಕೂದಲು ಹೆಕ್ಕಿ ತೆಗೆದು, ಬೆಳಕಿಗೆ ಹಿಡಿದು, "ಇದು ಯಾರ ತಲೆಯದು? ನಿಮ್ಮದಾ, ಯಜಮಾನತಿಯದಾ?" ಎನ್ನುತ್ತಿದ್ದರು. ಸುಳ್ಳು ಹೇಳುವವರ ಮುಖ ತಮಗೆ ಅಂಗೈ ಗೆರೆಯಷ್ಟು ಪರಿಚಿತ ಎಂಬುದು ಅವರ ಜಂಬ. ತಾವು ಕಾಯಿಲೆ ಬಿದ್ದರೆ ಹೋಗುವ ಡಾಕ್ಟರಮ್ಮ ಕ್ಲಿನಿಕ್ಕಿನ ಬೆಂಚುಗಳಿಗೆ ರೆಕ್ಸಿನ್ ಹಾಕಿಸಲು ಕರೆದಾಗಲೂ ಬಿಟ್ಟಿರಲಿಲ್ಲ. ಆಕೆ ನಕ್ಕು, "ಇಲ್ಲ ಮೇಷ್ಟ್ರೇ, ಇಲ್ಲಿಗೆ ಬರೋದೆಲ್ಲ ಎರಡು ಕಾಲಿನವೇ" ಎಂದಿದ್ದರು.

ಇಂಥ ಮೇಷ್ಟ್ರ ಅಂಗಡಿಗೆ ಒಂದು ದಿನ ಯಾರದೋ ಉಗ್ರಾಣದಿಂದ ಒಂದು ಮುದಿ ಸೋಫಾ ಬಂತು. ಅಡಿಯ ಗೋಣಿಬಟ್ಟೆ ಹರಿದಿತ್ತು. ಮೇಷ್ಟ್ರು ಅದನ್ನು ಮಗುಚಿ ಹಾಕಿದಾಗ ಒಳಗಿನಿಂದ ಕೀರಲು ದನಿಯೊಂದು ಕೇಳಿತು. ಸ್ಪ್ರಿಂಗು ತುಕ್ಕು ಹಿಡಿದು ಕಿರುಗುಟ್ಟಿತು ಎಂದುಕೊಂಡು ಬಲಗೈಯನ್ನು ಭುಜದವರೆಗೂ ಒಳಗೆ ಇಳಿಸಿದರು. ಸ್ಪ್ರಿಂಗು ಅವರ ಮಣಿಕಟ್ಟನ್ನು ಪರಚಿತು. ಎಳೆದು ಹೊರತೆಗೆದರೆ, ಅಂಗೈ ತುಂಬುವಷ್ಟು ಬೂದುಬಣ್ಣದ ಬೆಕ್ಕಿನ ಮರಿ.

ತಾಯಿ ಉಗ್ರಾಣದಲ್ಲೇ ಉಳಿದಿತ್ತೋ, ಬೇರೆ ಮರಿಗಳನ್ನು ಎತ್ತಿಕೊಂಡು ಹೋಗಿತ್ತೋ, ತಿಳಿಯದು. ಮೇಷ್ಟ್ರು ಮರಿಯ ಕತ್ತಿನ ಚರ್ಮ ಹಿಡಿದೆತ್ತಿ ಕಣ್ಣಲ್ಲಿ ಕಣ್ಣಿಟ್ಟು, "ನಾಳೆ ಬೆಳಗ್ಗೆ ಮಾರ್ಕೆಟ್ಟಿನ ಹಿಂದೆ ಬಿಟ್ಟು ಬರ್ತೀನಿ, ಗೊತ್ತಾಯ್ತಾ?" ಎಂದರು. ಮರಿ ಆಕಳಿಸಿತು. ಮರುದಿನ ಬೆಳಗ್ಗೆ ಮಾರ್ಕೆಟ್ಟಿಗೆ ಹೋದದ್ದು ನಿಜ, ಆದರೆ ಹಾಲು ತರಲು.

ಅದಕ್ಕೆ ಅವರು 'ಗಿರಾಕಿ' ಎಂದು ಹೆಸರಿಟ್ಟರು. ಹೆಸರಿಟ್ಟದ್ದಲ್ಲ, ಸುಮ್ಮನೆ ಹಾಗೆ ಕರೆಯುತ್ತೇನೆ ಅಷ್ಟೇ ಎಂದು ತಮಗೆ ತಾವೇ ಸಮಜಾಯಿಷಿ ಕೊಟ್ಟುಕೊಂಡರು. ಗಿರಾಕಿ ಹಗಲೆಲ್ಲ ಸ್ಪಂಜಿನ ಚೂರುಗಳ ರಾಶಿಯಲ್ಲಿ ಮಲಗುತ್ತಿತ್ತು. ಎಚ್ಚರವಾದರೆ ಮೇಷ್ಟ್ರ ಬಾಗುಸೂಜಿಯ ದಾರದ ಹಿಂದೆ ಬಿದ್ದು ಕೈಗೆ ಹಾರುತ್ತಿತ್ತು. ಕೈಯ ಮೇಲೆ ಗೀರುಗಳೆದ್ದವು. ಆದರೆ ಸೂಜಿ, ಮೊಳೆ, ತಂತಿಗಳ ನಡುವೆ ಬದುಕುವವರ ಕೈಯಲ್ಲಿ ಗೀರಿಲ್ಲದ ಜಾಗ ಹುಡುಕುವುದೇ ಕಷ್ಟ, ಹೆಂಡತಿಯೂ ಗಮನಿಸಲಿಲ್ಲ. ಅಂಗಿಗೆ ಅಂಟಿದ ಕೂದಲನ್ನು ನೋಡಿ, "ಇದೇನ್ರೀ ಇದು?" ಎಂದಾಗ, "ಹಳೇ ಕಾಲದ ಸೋಫಾ ಕಣೇ. ಆಗೆಲ್ಲ ಕುದುರೆ ಕೂದಲು ತುಂಬ್ತಿದ್ರು" ಎಂದು ಪಾಠ ಶುರುಮಾಡಿದರು. ಆಕೆ ಅಡುಗೆಮನೆಗೆ ಎದ್ದು ಹೋದಳು. ಪಾಠ ಮಾಡುವ ಅಭ್ಯಾಸ ಹೀಗೂ ಉಪಯೋಗಕ್ಕೆ ಬರುತ್ತದೆ.

ಗುಟ್ಟು ಗೊತ್ತಿದ್ದವನು ಒಬ್ಬನೇ, ಪಕ್ಕದ ಅಂಗಡಿಯ ಬೀಗ ರಿಪೇರಿಯವನು. "ಮೇಷ್ಟ್ರೇ, ಈ ಸುದ್ದಿ ಊರಿಗೆ ಗೊತ್ತಾದ್ರೆ ನಿಮ್ಮ ಕಥೆ ಏನು?" ಎಂದು ಅವನು ಕಣ್ಣು ಮಿಟುಕಿಸಿದರೆ, ಮೇಷ್ಟ್ರು, "ನಿನ್ನ ಬಾಯಿಗೇ ಒಂದು ಬೀಗ ಜಡ್ಕೊಳ್ಳಯ್ಯ" ಎನ್ನುತ್ತಿದ್ದರು.

ಎರಡು ವಾರವೋ ಏನೋ ಕಳೆದಿರಬೇಕು, ಸುತ್ತಿಗೆ ಎತ್ತುವಾಗ ಮೇಷ್ಟ್ರ ಬಲ ಕಂಕುಳಲ್ಲಿ ಚಳಕ್ಕೆಂದಿತು. ಬೆರಳಿಟ್ಟು ನೋಡಿದರೆ ನೆಲ್ಲಿಕಾಯಿಯಷ್ಟು ಗಡ್ಡೆ. ಮುಟ್ಟಿದರೆ ಜೀವ ಹೋಗುವಷ್ಟು ನೋವು. ಉಳುಕಿರಬೇಕು ಎಂದು ಬಿಸಿನೀರಿನ ಚೀಲ ಇಟ್ಟುಕೊಂಡರು. ಗಡ್ಡೆಗೆ ಅದು ಹಿತವಾಯಿತೋ ಏನೋ, ಇನ್ನಷ್ಟು ಊದಿಕೊಂಡಿತು. ತೋಳು ಪಕ್ಕೆಗೆ ತಾಗದಂತೆ ಮೊಣಕೈಯನ್ನು ಹೊರಚಾಚಿ, ಸೊಂಟದ ಮೇಲೆ ಕೈಯಿಟ್ಟು ನಡೆಯತೊಡಗಿದರು. ಬೀದಿಯವರಿಗೆ ಅವರು ಈಗ ಪೂರ್ತಿ ಮುಖಂಡರಂತೆ ಕಂಡರು. "ಮೇಷ್ಟ್ರು ಎಲೆಕ್ಷನ್ನಿಗೆ ನಿಂತ ಹಾಗಿದೆ" ಎಂದರು ಟೀ ಅಂಗಡಿಯಲ್ಲಿ.

ಸಂಜೆಯಾದರೆ ಮೈ ಸ್ವಲ್ಪ ಬೆಚ್ಚಗಾಗುತ್ತಿತ್ತು, ಕೈಕಾಲು ಸೋಲುತ್ತಿದ್ದವು. ಅಂಗಿ ಕಳಚುವಾಗ "ಅಮ್ಮಾ" ಎಂದದ್ದು ಹೆಂಡತಿಯ ಕಿವಿಗೆ ಬಿತ್ತು. ಆಕೆ ಕೈ ಎತ್ತಿಸಿ ನೋಡಿದಳು. ಬೆರಳ ತುದಿಯಿಂದ ಮುಟ್ಟಿದಳು. ಕ್ಲಿನಿಕ್ಕಿಗೆ ಹೋಗಲು ಚೀಲ ಹುಡುಕಿದಳು.

ಡಾಕ್ಟರಮ್ಮ ಮೇಷ್ಟ್ರನ್ನು ಅವರೇ ಹೊಲಿದ ಬೆಂಚಿನ ಮೇಲೆ ಮಲಗಿಸಿ ಗಡ್ಡೆ ಒತ್ತಿ ನೋಡಿದರು. ಆಮೇಲೆ ಕತ್ತು, ಇನ್ನೊಂದು ಕಂಕುಳು, ಹೊಟ್ಟೆ ಎಲ್ಲ ಮುಟ್ಟಿದರು.

"ಇದೇನು ಹೊಸದಾಗಿ ಹುಟ್ಟಿದ್ದಲ್ಲ ಮೇಷ್ಟ್ರೇ. ಕಂಕುಳಲ್ಲಿ ಎಲ್ಲರಿಗೂ ಸಣ್ಣ ಸಣ್ಣ ಗಂಟುಗಳಿರ್ತವೆ. ಕೈಯಿಂದ ಬರೋ ಕೊಳೆ, ರೋಗಾಣು, ಎಲ್ಲಾ ಅಲ್ಲಿ ಸೋಸಿ ಹೋಗಬೇಕು. ಸೋಸೋಕೆ ಕೆಲಸ ಹೆಚ್ಚಾದ್ರೆ ಊದ್ಕೊಳ್ತವೆ. ಅದಕ್ಕೇ ಗಡ್ಡೆ ಇಲ್ಲಿದ್ರೂ ಕಳ್ಳ ಬೇರೆ ಕಡೆ ಇರ್ತಾನೆ. ಕೈಗೆ ಗಾಯ ಏನಾದ್ರೂ ಆಗಿತ್ತಾ?"

"ನನ್ನ ಕೈ ನೋಡಿ ಡಾಕ್ಟ್ರೇ, ಗಾಯ ಆಗದ ದಿನ ಅಂತ ಇದ್ರೆ ಅದು ರಜಾದಿನ" ಎಂದು ಮೇಷ್ಟ್ರು ಎರಡೂ ಕೈ ಚಾಚಿದರು, ಪದಕ ತೋರಿಸುವವರಂತೆ.

ಡಾಕ್ಟರಮ್ಮ ಕೈ ತಿರುಗಿಸಿ ನೋಡಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳಿದರು: "ಮನೆಯಲ್ಲಿ ಬೆಕ್ಕಿದೆಯಾ?"

ಮೇಷ್ಟ್ರ ಕಿವಿ ಬಿಸಿಯಾಯಿತು. ತಮ್ಮದೇ ಪ್ರಶ್ನೆ, ತಮ್ಮದೇ ಕನ್ನಡಕದ ಭಂಗಿ! ಈ ಹೆಂಗಸು ಬೆಂಚಿನ ಹಳೇ ಲೆಕ್ಕ ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡರು. ಅಷ್ಟರಲ್ಲಿ ಹೆಂಡತಿ, ಬಂದಾಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟು ನಕ್ಕೇಬಿಟ್ಟಳು. "ಇವರ ಮನೇಲಿ ಬೆಕ್ಕಾ ಡಾಕ್ಟ್ರೇ? ಕ್ಯಾಲೆಂಡರಲ್ಲಿ ಬೆಕ್ಕಿನ ಚಿತ್ರ ಇದ್ರೂ ಆ ತಿಂಗಳು ಗೋಡೆ ಕಡೆ ತಿರುಗಿಸಿ ಇಡ್ತಾರೆ."

"ಅಂಗಡೀಲಿ?"

"ಅಯ್ಯೋ, ಎಲ್ಲಾದ್ರೂ ಉಂಟಾ!" ಎಂದರು ಮೇಷ್ಟ್ರು, ಕೈ ಆಡಿಸುತ್ತಾ. ಕಂಕುಳು ಚುಳುಕ್ ಎಂದಿತು.

ಕೈಯ ಯಾವುದೋ ಗಾಯದಲ್ಲಿ ಕೀವಾಗಿರಬಹುದು ಎಂದು ಡಾಕ್ಟರಮ್ಮ ಮಾತ್ರೆ ಬರೆದು ವಾರ ಬಿಟ್ಟು ಬರಲು ಹೇಳಿದರು. ಮೇಷ್ಟ್ರು ಮಾತ್ರೆಗಳನ್ನು ತಪ್ಪದೆ ನುಂಗಿದರು. ಗಡ್ಡೆ ಜಗ್ಗಲಿಲ್ಲ. ವಾರ ಕಳೆದು ಹೋದಾಗ ಡಾಕ್ಟರಮ್ಮನ ಮುಖದ ನಗು ಸ್ವಲ್ಪ ಒಳಗೆ ಸರಿದಿತ್ತು. ಸ್ಕ್ಯಾನ್ ಮಾಡಿಸಿದರು. ಒಂದಲ್ಲ, ಮೂರ್ನಾಲ್ಕು ಗಂಟು ಊದಿವೆ ಎಂದು ಬಂತು.

"ನೋಯೋ ಗಂಟು ಸಾಮಾನ್ಯವಾಗಿ ರೋಗಾಣು ಜೊತೆ ಜಗಳಕ್ಕೆ ನಿಂತಿರೋ ಗಂಟು. ನೋವಿಲ್ಲದೆ ಗಟ್ಟಿಯಾಗಿ ಬೆಳೀತಾ ಹೋಗೋದು ಕಂಡ್ರೆ ನಂಗೆ ಹೆಚ್ಚು ಭಯ. ಆದ್ರೂ ಕಾರಣ ಗೊತ್ತಿಲ್ಲದೆ ಇದನ್ನ ಹೀಗೇ ಬಿಡೋ ಹಾಗಿಲ್ಲ. ಗುರುವಾರ ಬನ್ನಿ, ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ" ಎಂದರು.

ಯಾವ ಪರೀಕ್ಷೆ, ಯಾತಕ್ಕೆ ಎಂದು ಗಂಡ ಹೆಂಡತಿ ಇಬ್ಬರೂ ಕೇಳಲಿಲ್ಲ. ಇಬ್ಬರಿಗೂ ಅದೇ ಒಂದು ರೋಗದ ಹೆಸರು ಹೊಳೆದಿತ್ತು.

ಮನೆಗೆ ಬಂದ ಮೇಲೆ ಮೇಷ್ಟ್ರಿಗೆ ನಿಜವಾದ ಹೆದರಿಕೆ ಶುರುವಾಯಿತು. ಅದು ಗಡ್ಡೆಯಿಂದಲ್ಲ, ಹೆಂಡತಿಯಿಂದ. ಆಕೆ ಬೈಯುವುದನ್ನು ನಿಲ್ಲಿಸಿದ್ದಳು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೆ ಮಾತಿಲ್ಲದೆ ಎತ್ತಿಕೊಂಡು ಹೋದಳು. ಸೋಫಾ ಮೇಲೆ ಕೂರುವ ವಿಧಾನದ ಬಗ್ಗೆ ಅವರು ಬೇಕೆಂದೇ ಒಂದು ಪಾಠ ತೆಗೆದರೆ, ಎದುರು ಕೂತು ಕಡೆತನಕ ಕೇಳಿದಳು. ಕೇಳಿ, "ಹೌದಲ್ವಾ" ಎಂದಳು. ಇಷ್ಟು ವರ್ಷದಲ್ಲಿ ಆಕೆ ಹೌದಲ್ವಾ ಎಂದದ್ದು ಇದೇ ಮೊದಲು. ಬುಧವಾರ ಬೆಳಗ್ಗೆ ಬಟ್ಟೆ ಒಣಹಾಕುವ ನೆಪದಲ್ಲಿ ಆಕೆ ಹಿತ್ತಲಲ್ಲಿ ನಿಂತು, ಹಸಿ ಸೀರೆಯ ಮರೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದುದು ಕಿಟಕಿಯಿಂದ ಕಂಡಿತು.

ಅಂಗಡಿಗೆ ಹೋಗಿ ಸುಮ್ಮನೆ ಕೂತರು. ತುಟಿಯಲ್ಲಿ ಮೊಳೆ ಇರಲಿಲ್ಲ, ಆದರೂ ಮಾತಿರಲಿಲ್ಲ. ಗಿರಾಕಿ ಬಂದು ಮಡಿಲೇರಿತು. ಬೀಗದವನು ಎರಡು ಲೋಟ ಟೀ ಹಿಡಿದು ಬಂದು ಒಂದು ಕಟ್ಟಿಗೆಯ ಚೌಕಟ್ಟಿನ ಮೇಲೆ ಕೂತ. ಮೇಷ್ಟ್ರು ಅವನಿಗೆ ಗುರುವಾರದ ಸೂಜಿಯ ಸುದ್ದಿ ಹೇಳಿದರು. ಹೇಳುತ್ತಾ ಹೇಳುತ್ತಾ ಡಾಕ್ಟರಮ್ಮನ ಮೇಲಿನ ಹಳೆಯ ಸಿಟ್ಟೂ ಹೊರಬಂತು.

"ನೋಡಯ್ಯ, ನಾನು ನೋವಲ್ಲಿ ಸಾಯ್ತಿದ್ರೆ ಆಕೆಗೆ ತಮಾಷೆ. ನಾನು ಬೆಂಚು ಹೊಲಿಯೋವಾಗ ಕೇಳಿದ್ನಲ್ಲ, ಅದನ್ನೇ ತಿರುಗಿಸಿ ಕೇಳಿದ್ರು. ಮನೇಲಿ ಬೆಕ್ಕಿದೆಯಾ ಅಂತ!"

ಬೀಗದವನು ಟೀ ಗುಟುಕರಿಸಿ, "ಗಡ್ಡೆ ಒತ್ತಿ ನೋಡ್ತಾ ಕೇಳಿದ್ರಾ?" ಎಂದ.

"ಹೂಂ."

"ಅಲ್ಲ ಮೇಷ್ಟ್ರೇ, ನೀವು ಗಿರಾಕಿಗಳನ್ನ ಕೇಳ್ತೀರಲ್ಲ, ತಮಾಷೆಗೆ ಕೇಳ್ತೀರಾ?"

"ತಮಾಷೆ ಏನ್ ಬಂತು? ಅದರ ಮೇಲೆ ನನ್ನ ಇಡೀ ಕೆಲಸ ನಿಂತಿದೆ!"

"ಮತ್ತೆ ಅವರಿಗೂ ಒಂದು ಕೆಲಸ ಅಂತ ಇರಲ್ವಾ?"

ಮೇಷ್ಟ್ರು ಮಡಿಲಲ್ಲಿದ್ದ ಗಿರಾಕಿಯನ್ನು ನೋಡಿದರು. ಬಲ ಮಣಿಕಟ್ಟನ್ನು ನೋಡಿಕೊಂಡರು. ಅಲ್ಲಿ, ಸೋಫಾದೊಳಗೆ ಮೊದಲು ಪರಚಿದ ಕಡೆ, ಒಂದು ಸಣ್ಣ ಕೆಂಪು ಗುಳ್ಳೆ ಎದ್ದು ಒಣಗಿತ್ತು. ಪ್ರಶ್ನೆ ತಮಾಷೆಯದಲ್ಲ ಎಂದರೆ, ತಾವು ಕೊಟ್ಟ ಉತ್ತರ? ಇಷ್ಟು ವರ್ಷ ಸುಳ್ಳು ಹೇಳುವವರ ಮುಖ ಓದಿದವರಿಗೆ ತಮ್ಮ ಮುಖ ಒಂದನ್ನು ಓದುವ ಪುರುಸೊತ್ತು ಸಿಕ್ಕಿರಲಿಲ್ಲ. ಈಗ ಹೇಳಬಹುದು, ಆದರೆ ಹೆಂಡತಿಯ ಎದುರು ಹೇಳಬೇಕು, ಆಕೆ ಕಣ್ಣೀರು ಹಾಕಿದ ಮೇಲೆ ಹೇಳಬೇಕು. ನಾಳೆಯ ಸೂಜಿಗಿಂತ ಅದೇ ಹೆಚ್ಚು ಚೂಪಾಗಿ ಕಂಡಿತು.

ಗುರುವಾರ ಡಾಕ್ಟರಮ್ಮ ಕೈಗೆ ರಬ್ಬರ್ ಗವಸು ಹಾಕಿಕೊಳ್ಳುತ್ತಿದ್ದಾಗ ಮೇಷ್ಟ್ರು ಬೆಂಚಿನ ಮೇಲೆ ಎದ್ದು ಕೂತರು.

"ಡಾಕ್ಟ್ರೇ, ಒಂದು ವಿಷ್ಯ. ಅಂಗಡಿಗೆ ಒಬ್ಬ ಗಿರಾಕಿ ಬರ್ತಾನೆ."

"ಬರಲಿ. ಮಲಗಿ."

"ಅವನು ಸ್ವಲ್ಪ ಪರಚ್ತಾನೆ."

ಡಾಕ್ಟರಮ್ಮನ ಗವಸು ಅರ್ಧದಲ್ಲೇ ನಿಂತಿತು. ಹೆಂಡತಿ ಕುರ್ಚಿಯಿಂದ ಮುಂದಕ್ಕೆ ಬಾಗಿ, "ಯಾರ್ರೀ ಅವನು? ದುಡ್ಡು ಕೇಳಿದ್ದಕ್ಕೆ ಪರಚಿದ್ನಾ?" ಎಂದಳು.

"ಇಲ್ಲ ಕಣೇ. ಸಣ್ಣವನು."

"ಎಷ್ಟು ಸಣ್ಣವನು?" ಎಂದರು ಡಾಕ್ಟರಮ್ಮ.

"ಮೂರು ತಿಂಗಳಿರಬೇಕು."

"ಮೂರು ತಿಂಗಳ ಕೂಸು ಸೋಫಾ ಮಾಡಿಸೋಕೆ ಬರುತ್ತಾ?" ಹೆಂಡತಿಯ ದನಿ ಏರತೊಡಗಿತು.

"ಮೇಷ್ಟ್ರೇ," ಎಂದರು ಡಾಕ್ಟರಮ್ಮ ನಿಧಾನವಾಗಿ, "ಗಿರಾಕಿಗೆ ಬಾಲ ಇದೆಯಾ?"

ಮೇಷ್ಟ್ರು ತಲೆ ತಗ್ಗಿಸಿ ರೆಕ್ಸಿನ್ನಿನ ಹೊಲಿಗೆಯನ್ನು ಪರೀಕ್ಷಿಸುತ್ತಾ, "ಇದೆ" ಎಂದರು.

ಡಾಕ್ಟರಮ್ಮ ಗವಸು ಕಳಚಿ ಟೇಬಲ್ಲಿನ ಮೇಲೆ ಎಸೆದು, ಅವರ ಬಲಗೈಯನ್ನು ದೀಪದ ಕೆಳಗೆ ಎಳೆದುಕೊಂಡರು. ಮಣಿಕಟ್ಟಿನ ಗುಳ್ಳೆಯನ್ನು ಕಂಡು, ಕಳೆದುಹೋದ ಬೀಗದ ಕೈ ಸಿಕ್ಕವರ ಹಾಗೆ ನಿಟ್ಟುಸಿರಿಟ್ಟರು.

"ಬೆಕ್ಕು ಪರಚಿದ ಜ್ವರ ಅಂತಾನೇ ಒಂದಿದೆ ಮೇಷ್ಟ್ರೇ. ಚಿಗಟ ಹತ್ತಿರೋ ಮರಿಗಳ ಉಗುರಲ್ಲಿ ಆ ರೋಗಾಣು ಇರುತ್ತೆ. ಮರಿಗೆ ಏನೂ ಆಗಿರಲ್ಲ, ಆರಾಮಾಗಿ ಆಡ್ಕೊಂಡಿರುತ್ತೆ. ಪರಚಿದ ಕಡೆ ಒಂದು ಗುಳ್ಳೆ, ಒಂದೆರಡು ವಾರಕ್ಕೆ ಅದೇ ಕೈಯ ಕಂಕುಳಲ್ಲಿ ಗಡ್ಡೆ, ಸಣ್ಣ ಜ್ವರ. ನಾನು ಮೊದಲ ದಿನವೇ ಕೇಳಿದ್ದು ಇದಕ್ಕೇ. ಬಹುಪಾಲು ಇದೇ ಇರಬೇಕು. ರಕ್ತ ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ, ಮಾತ್ರೆ ಬದಲಾಯಿಸ್ತೀನಿ. ಸೂಜಿ ಸದ್ಯಕ್ಕೆ ಬೇಡ. ಗಡ್ಡೆ ನಿಧಾನವಾಗಿ ಇಳಿಯುತ್ತೆ, ತಿಂಗಳುಗಟ್ಟಲೆ ಹಿಡಿದ್ರೂ ಹಿಡೀಬಹುದು. ಇಳೀದೆ ಇದ್ರೆ ಆಗ ಚೂರು ತೆಗೆಯೋಣ."

"ಅಂದ್ರೆ ಅದಲ್ವಾ?" ಎಂದಳು ಹೆಂಡತಿ. ಅದು ಯಾವುದೆಂದು ಹೇಳಲಿಲ್ಲ.

"ಅದಲ್ಲ ಅಂತಾನೇ ನಂಗೆ ಅನ್ನಿಸ್ತಿದೆ. ರಕ್ತದ ರಿಪೋರ್ಟ್ ಬರಲಿ, ಗಟ್ಟಿಯಾಗಿ ಹೇಳ್ತೀನಿ." ಆಮೇಲೆ ಡಾಕ್ಟರಮ್ಮ ಮೇಷ್ಟ್ರ ಕಡೆ ತಿರುಗಿದರು. "ಬೆಕ್ಕು ಪರಚಿದ ದಿನವೇ ಸೋಪು ಹಾಕಿ, ಹರಿಯೋ ನೀರಲ್ಲಿ ಚೆನ್ನಾಗಿ ತೊಳೆದು ಇಲ್ಲಿಗೆ ಬರಬೇಕಿತ್ತು. ಹುಚ್ಚು ರೋಗಕ್ಕೆ ಇಂಜೆಕ್ಷನ್ ಅಂತ ಇದೆ, ಕೇಳಿದ್ದೀರಾ? ಮರಿ ಇನ್ನೂ ಗಟ್ಟಿಮುಟ್ಟಾಗಿದ್ರೆ ಅದು ನಿಮ್ಮ ಪುಣ್ಯ. ಆದ್ರೂ ಇವತ್ತೇ ಶುರುಮಾಡೋಣ. ಮರಿಯನ್ನ ಪಶುವೈದ್ಯರ ಹತ್ರ ಕರ್ಕೊಂಡು ಹೋಗಿ, ಚಿಗಟ ತೆಗೆಸಿ, ಅದಕ್ಕೂ ಚುಚ್ಚಿಸಿ."

ಹೀಗೆ ಮೇಷ್ಟ್ರು ಒಂದು ಸೂಜಿ ತಪ್ಪಿಸಿಕೊಂಡು ಇನ್ನೊಂದು ಚುಚ್ಚಿಸಿಕೊಂಡು ಹೊರಬಂದರು.

ಹೆಂಡತಿ ಮೆಟ್ಟಿಲಿಳಿಯುವವರೆಗೂ ಮಾತಾಡಲಿಲ್ಲ. ಔಷಧಿ ಅಂಗಡಿಯಲ್ಲೂ ಮಾತಾಡಲಿಲ್ಲ. ಬೀದಿಯ ತಿರುವಿನಲ್ಲಿ ನಿಂತು, ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ, ಉಸಿರು ತುಂಬಿಕೊಂಡಳು.

"ಕುದುರೆ ಕೂದಲು!" ಎಂದಳು. "ಕುದುರೆ ಕೂದಲಂತೆ! ನನಗೆ ಪಾಠ ಬೇರೆ! ನಾನು ಇಲ್ಲಿ ಇರೋ ಬರೋ ದೇವರಿಗೆಲ್ಲ ಕೈ ಮುಗೀತಾ ಇದ್ರೆ, ನೀವು ಅಲ್ಲಿ ಬೆಕ್ಕು ಕೂರಿಸ್ಕೊಂಡು ಹಾಲು ಕುಡಿಸ್ತಿದ್ರಾ? ಆ ಡಾಕ್ಟ್ರು ಕೇಳ್ದಾಗ ನಾನು ನಿಮ್ಮ ಪರವಾಗಿ ನಕ್ಕೆ ಅಲ್ರೀ! ಕ್ಯಾಲೆಂಡರ್ ಅಂದೆ! ನಂಗೆ ನಾಚಿಕೆ ಆಗ್ಬೇಕಾ, ನಿಮಗೆ ಆಗ್ಬೇಕಾ? ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ಏನು ಗಂಟು ಹೋಗ್ತಿತ್ತು?"

"ಅದೇ ಕಣೇ, ಗಂಟು ಹೋಗ್ತಿತ್ತು" ಎಂದರು ಮೇಷ್ಟ್ರು.

ಆಕೆಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಮನೆ ಬರುವವರೆಗೂ ಬೈದಳು, ಬಾಗಿಲ ಬೀಗ ತೆಗೆಯುವಾಗ ಬೈದಳು, ಅನ್ನ ಬಡಿಸುತ್ತಾ ಬೈದಳು. ಮೇಷ್ಟ್ರು ತಟ್ಟೆಯ ಮೇಲೆ ತಲೆ ಬಗ್ಗಿಸಿ, ಎಷ್ಟೋ ದಿನದಿಂದ ಹಸಿದವರಂತೆ ಉಂಡು, ಇನ್ನೊಂದು ಸಲ ಬಡಿಸಿಕೊಂಡರು.

ರಕ್ತದ ರಿಪೋರ್ಟ್ ಬಂದಾಗ ಡಾಕ್ಟರಮ್ಮ ಫೋನ್ ಮಾಡಿದ್ದು ಹೆಂಡತಿಗೆ. ಮೇಷ್ಟ್ರ ಮಾತಿನ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. "ಬೆಕ್ಕಿನದ್ದೇ. ಬೇರೇನೂ ಇಲ್ಲ" ಎಂಬ ಮಾತನ್ನು ಹೆಂಡತಿ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಅದೇ ಮಧ್ಯಾಹ್ನ, ಮಾರ್ಕೆಟ್ಟಿಗೆ ಹೋಗುವ ಬುಟ್ಟಿಗೆ ಹಳೇ ಟವೆಲ್ ಹಾಸಿಕೊಂಡು ಅಂಗಡಿಗೆ ಬಂದು, ಗಿರಾಕಿಯನ್ನು ಒಳಗಿಟ್ಟು, ಪಶುವೈದ್ಯರ ಹತ್ತಿರ ತಾನೇ ಹೊತ್ತುಕೊಂಡು ಹೋದಳು. ಬೀಗದವನು ಬುಟ್ಟಿಗೆ ಒಂದು ಪುಟ್ಟ ಚಿಲಕ ಹಾಕಿಕೊಟ್ಟ. ಆಕೆ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡಿದ್ದಳು. ಮನೆಯಲ್ಲಿ ಒಬ್ಬರ ಕಂಕುಳು ಊದಿದ್ದು ಸಾಲದೇ ಎಂದಳು.

ಊರಿಗೆ ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ವರ್ಷಗಳಿಂದ ಬೆಕ್ಕನ್ನು ನಾದಿನಿಯ ಮನೆಯಲ್ಲಿ ಬಚ್ಚಿಡುತ್ತಿದ್ದ ಗಿರಾಕಿಯೊಬ್ಬರು ಅಂಗಡಿಗೆ ಬಂದು, ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, "ಏನ್ ಮೇಷ್ಟ್ರೇ, ಆರೋಗ್ಯವೇ?" ಎಂದಷ್ಟೇ ಕೇಳಿದರು. ಮೇಷ್ಟ್ರು ಬೇಗ ಬೇಗ ನಾಲ್ಕು ಮೊಳೆ ತುಟಿಗೆ ಸಿಕ್ಕಿಸಿಕೊಂಡರು.

ಗಡ್ಡೆ ಡಾಕ್ಟರಮ್ಮ ಹೇಳಿದಂತೆ ನಿಧಾನವಾಗಿಯೇ ಇಳಿಯಿತು. ದಿನಾ ಸಂಜೆ ಹೆಂಡತಿ ಅವರನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕೈ ಎತ್ತಿಸಿ, ಬೆರಳಿಟ್ಟು ನೋಡುತ್ತಿದ್ದಳು. ಇವತ್ತು ಗೋಲಿಯಷ್ಟಿದೆ. ಇವತ್ತು ಬಟಾಣಿ. ನಿನ್ನೆಯಷ್ಟೇ ಇದೆಯಲ್ಲ, ಮಾತ್ರೆ ನುಂಗಿದ್ರಾ ಇಲ್ವಾ? ಮಾತ್ರೆಗಳು ಯಾವಾಗಲೋ ಮುಗಿದಿದ್ದವು, ಆದರೂ ಬೈಗುಳ ತಿಂದರು.

ಒಂದು ಸಂಜೆ ಆಕೆ ಬೆರಳಿಟ್ಟಳು, ತಡೆದಳು, ಇನ್ನೊಂದು ಕಡೆ ಇಟ್ಟಳು.

"ಎಲ್ಲಿ?"

"ಅಲ್ಲೇ ಇರಬೇಕು. ಸ್ವಲ್ಪ ಮೇಲೆ" ಎಂದರು ಮೇಷ್ಟ್ರು.

"ಮೇಲೆ ಇಲ್ಲ."

"ಹಿಂದಕ್ಕೆ ನೋಡು. ನಿನ್ನೆ ಇತ್ತಲ್ಲ." ಮೇಷ್ಟ್ರು ಎಡಗೈ ತಂದು ತಾವೂ ಹುಡುಕಿದರು. ಇಬ್ಬರ ಬೆರಳುಗಳು ಒಂದಕ್ಕೊಂದು ತಾಗಿದವು. ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ಒತ್ತಿದರು. ಕಚಗುಳಿಯಾಗಿ ಮೇಷ್ಟ್ರು ಮೈ ಕೊಡವಿದರು. "ಅಲ್ಲಾಡ್ಬೇಡಿ" ಎಂದು ಆಕೆ ಭುಜಕ್ಕೆ ಒಂದು ಕೊಟ್ಟು, ಕಣ್ಣು ಮುಚ್ಚಿ, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ಮತ್ತೊಮ್ಮೆ ನಿಧಾನವಾಗಿ ಬೆರಳಾಡಿಸಿದಳು.

ಏನೂ ಸಿಗಲಿಲ್ಲ.

ಆಕೆ ಕೈ ತೆಗೆಯದೆ ಹಾಗೇ ನಿಂತಳು. ಮೇಷ್ಟ್ರೂ ತೋಳೆತ್ತಿಕೊಂಡೇ ನಿಂತರು. ಹೊರಗೆ ಯಾರದೋ ಸೈಕಲ್ ಬೆಲ್ಲು ಬಾರಿಸುತ್ತಾ ಹೋಯಿತು.

"ಸಾಕು, ಕೈ ಇಳಿಸಿ" ಎಂದಳು ಆಕೆ ಕೊನೆಗೆ. "ಎಷ್ಟು ಹೊತ್ತು ಹೀಗೆ ನಿಂತಿರ್ತೀರಿ?"